ಬಿದನೂರಿನ ಪತನ ಮತ್ತು ಮಾಸ್ತಿಯವರ 'ಚೆನ್ನಬಸವನಾಯಕ'

ಕನ್ನಡದ ಐತಿಹಾಸಿಕ ಕಾದಂಬರಿಗಳಲ್ಲಿ ವೀರಶೈವ ಓದುಗನ ಮನಸ್ಸನ್ನು ಅತ್ಯಂತ ಕದಡಿದ ಕೃತಿ ಯಾವುದೆಂದರೆ ಶ್ರೀ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ 'ಚೆನ್ನಬಸವನಾಯಕ'ವನ್ನು ಹೆಸರಿಸಬೇಕಾಗುತ್ತದೆ. ೧೯೫೬ರ 'ಚಿಕವೀರ ರಾಜೇಂದ್ರ'ಕ್ಕೆ ಕೆಲವು ವರ್ಷ ಮೊದಲು ಹೊರಬಂದ ಈ ಕಾದಂಬರಿಯ ವಸ್ತು ಕೆಳದಿ ಅರಸು ಮನೆತನದ ಕೊನೆಯ ದಿನಗಳು. ಕಥೆ ನಡೆಯುವ ನೆಲವೋ ವೀರಶೈವ ಸಂಸ್ಕೃತಿಯು ರಾಜ್ಯವಾಗಿ ಬಾಳಿದ ನೆಲ. ಇಂದಿನ ಸಾಗರ ತಾಲ್ಲೂಕಿನ ಕೆಳದಿ, ಇಕ್ಕೇರಿಗಳು, ಹೊಸನಗರ ತಾಲ್ಲೂಕಿನ ನಗರವೆಂಬ ಹಳೆಯ ಬಿದನೂರು, ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ, ಈ ಮೂರೂ ಎಡೆಗಳಲ್ಲಿ ಇನ್ನೂರೈವತ್ತು ವರ್ಷಗಳಿಗೂ ಮಿಕ್ಕು ನಡೆದ ಆಳ್ವಿಕೆ ೧೭೬೩ರಲ್ಲಿ ಕೆಲವೇ ವಾರಗಳಲ್ಲಿ ಮುಗಿದುಹೋಯಿತು. ಆ ಮುಗಿತಾಯಕ್ಕೆ ರಾಣಿ ವೀರಮ್ಮಾಜಿಯ ನಡತೆಯನ್ನು ಕಾರಣವಾಗಿ ನಿಲ್ಲಿಸಿದ ಕಾದಂಬರಿಯನ್ನು ಭಕ್ತಜನರು ಸಮಾಧಾನದಿಂದ ಓದಲಾರದೆ ಹೋದದ್ದು ಆಶ್ಚರ್ಯವಲ್ಲ.

ಇಂಥ ಕೃತಿಯನ್ನು ಎರಡು ಬಗೆಯಲ್ಲಿ ಓದುವ ವಾಡಿಕೆ ಬೆಳೆದಿದೆ. ಇದು ಸಮಾಜಕ್ಕೆ ಮಾಡಿದ ಅವಮಾನವೆಂದು ಪುಸ್ತಕವನ್ನು ಮುಚ್ಚಿಡುವವರು ಒಂದು ಕಡೆ. ಕಾದಂಬರಿ ಕಲ್ಪನೆಯ ಸೃಷ್ಟಿ, ಇತಿಹಾಸದ ಪ್ರಶ್ನೆಯನ್ನು ಅದಕ್ಕೆ ಕೇಳುವುದೇ ಅರಸಿಕತೆ ಎನ್ನುವವರು ಇನ್ನೊಂದು ಕಡೆ. ಮೊದಲಿನವರು ಪುಸ್ತಕವನ್ನು ಪೂರ್ತಿ ಓದಿರುವುದಿಲ್ಲ. ಎರಡನೆಯವರು ಇತಿಹಾಸವನ್ನು ಓದಿರುವುದಿಲ್ಲ. ಕೃತಿಯ ದೋಷ ನಿಜವಾಗಿ ಎಲ್ಲಿದೆಯೆಂಬುದು ಈ ಎರಡು ಗುಂಪುಗಳ ಗದ್ದಲದಲ್ಲಿ ಮರೆಯಾಗಿದೆ.

ಮೊದಲು ಕಥೆಗೆ ಆಧಾರವಾದ ಸಂಗತಿಗಳನ್ನು ನೆನೆಯುವುದು ಲೇಸು. ೧೭೩೯ರಿಂದ ೧೭೫೪ರವರೆಗೆ ಆಳಿದ ಇಮ್ಮಡಿ ಬಸಪ್ಪನಾಯಕನ ತರುವಾಯ ದತ್ತಕ ಪುತ್ರನಾದ ತರುಣ ಚೆನ್ನಬಸಪ್ಪನಾಯಕ ಪಟ್ಟಕ್ಕೆ ಬಂದನು. ಮೂರು ವರ್ಷ ಕಳೆಯುವುದರೊಳಗೆ, ೧೭೫೭ರಲ್ಲಿ, ಅವನು ಸಿಂಹಾಸನದಿಂದ ಕಣ್ಮರೆಯಾದನು. ಬಸಪ್ಪನಾಯಕನ ರಾಣಿ ವೀರಮ್ಮಾಜಿ ಸೋಮಶೇಖರನೆಂಬ ಬಾಲಕನನ್ನು ದತ್ತು ತೆಗೆದುಕೊಂಡು ತಾನೇ ರಾಜ್ಯಭಾರವನ್ನು ವಹಿಸಿಕೊಂಡಳು. ಐದಾರು ವರ್ಷಗಳ ಮೇಲೆ ಚಿತ್ರದುರ್ಗದ ಕಡೆಯಲ್ಲಿ ಒಬ್ಬ ಯುವಕ ತಾನೇ ಚೆನ್ನಬಸಪ್ಪನೆಂದು ಹೇಳಿಕೊಂಡು ಕಾಣಿಸಿಕೊಂಡನು. ಹೈದರಾಲಿ ಅವನನ್ನು ಮುಂದಿಟ್ಟುಕೊಂಡು ಮಲೆನಾಡಿನ ಮೇಲೆ ದಂಡೆತ್ತಿ ಬಂದನು. ಸೇನೆ ಶಿವಮೊಗ್ಗ, ಕುಂಸಿಗಳನ್ನು ದಾಟಿ ಬರುತ್ತಿದ್ದಂತೆ ರಾಣಿ ಪ್ರತಿ ಬಿಡಾರಕ್ಕೂ ಕಾಣಿಕೆಯ ಮೊತ್ತವನ್ನು ಏರಿಸಿ ಹೇಳಿಕಳುಹಿಸಿದಳು, ಹೈದರ ನಿಲ್ಲಲಿಲ್ಲ. ಸೆರೆಯಲ್ಲಿದ್ದ ಹಿಂದಿನ ಮಂತ್ರಿ ಲಿಂಗಣ್ಣನೆಂಬವನು ತೋರಿಸಿಕೊಟ್ಟ ಗುಪ್ತಮಾರ್ಗದಿಂದ ಶತ್ರು ನಗರದೊಳಹೊಕ್ಕನೆಂದೂ, ರಾಣಿ ಅರಮನೆಗೆ ಬೆಂಕಿಯಿಡಿಸಿ ಬಲ್ಲಾಳರಾಯನದುರ್ಗಕ್ಕೆ ಸರಿದಳೆಂದೂ ಕರ್ನಲ್ ವಿಲ್ಕ್ಸ್ ಬರೆದಿದ್ದಾನೆ. ೧೭೬೩ರ ಮಾರ್ಚಿಯಲ್ಲಿ ಬಿದನೂರು ಹೈದರನಗರವಾಯಿತು.

ಈ ವಸ್ತುವನ್ನು ಕೈಗೆತ್ತಿಕೊಂಡ ಲೇಖಕರು ಸಾಮಾನ್ಯರಲ್ಲ. ಮೈಸೂರು ಸಂಸ್ಥಾನದ ಆಡಳಿತದಲ್ಲಿ ಉನ್ನತ ಅಧಿಕಾರಿಯಾಗಿದ್ದ ಮಾಸ್ತಿಯವರು ರಾಜ್ಯವೆಂಬುದನ್ನು ಕಡತಗಳ ಮೂಲಕ, ರೈತನ ಅರ್ಜಿಯ ಮೂಲಕ ಬಲ್ಲವರು. ಆದುದರಿಂದ ಇತರ ಐತಿಹಾಸಿಕ ಕಾದಂಬರಿಗಳಲ್ಲಿ ಧಾರಾಳವಾಗಿ ಕೇಳಿಬರುವ ಕತ್ತಿಯ ಝಣತ್ಕಾರ, ವೀರಾಲಾಪ, ಪುಟಗಟ್ಟಲೆ ನಗರವರ್ಣನೆ ಇಲ್ಲಿಲ್ಲ. ಮನೆಯ ಹಿರಿಯರೊಬ್ಬರು ಜಗುಲಿಯ ಮೇಲೆ ಕುಳಿತು, ಧ್ವನಿಯೇರಿಸದೆ, ಒಂದು ಮನೆ ಹಾಳಾದ ಸಂಗತಿಯನ್ನು ಹೇಳಿದಂತೆ ಕಥೆ ಸಾಗುತ್ತದೆ. ರಾಣಿಯ ಪತನವನ್ನು ಹೇಳುವಲ್ಲಿಯೂ ಅವರ ಲೇಖನಿ ಮರ್ಯಾದೆಯನ್ನು ಮೀರುವುದಿಲ್ಲ. ರುಚಿಗೆಟ್ಟ ಕುತೂಹಲಕ್ಕೆ ಅಲ್ಲಿ ಆಹಾರ ದೊರೆಯದು. ಅಪವಾದವನ್ನು ಚಪ್ಪರಿಸಲೆಂದೇ ಬರೆದ ಪುಸ್ತಕವಿದು ಎಂಬ ಆಕ್ಷೇಪಣೆ ಈ ಕಾರಣದಿಂದ ನಿಲ್ಲಲಾರದು. ಹೈದರನನ್ನೂ ಅವರು ರಾಕ್ಷಸನನ್ನಾಗಿ ಮಾಡಿಲ್ಲ. ಗೆಲ್ಲುವವನ ಜಾಣತನವನ್ನೂ ಸೋಲುವವರ ಮರುಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಸಮಚಿತ್ತ ಅವರದು. ಈ ಗುಣ ದೊಡ್ಡದು. ಇದನ್ನು ಒಪ್ಪಿಯೇ ಮುಂದಿನ ಮಾತನ್ನು ಆಡಬೇಕು.

ಕಾದಂಬರಿಯ ತೊಡಕು ಅದರ ಕೀಲಿನಲ್ಲಿದೆ. ರಾಣಿಯ ಶೀಲಕ್ಕೆ ಸಂಬಂಧಿಸಿದ ಅಪವಾದವನ್ನು ಐತಿಹ್ಯದಿಂದ ಎತ್ತಿಕೊಂಡು, ಇಡೀ ರಾಜ್ಯದ ಪತನ ಅದರ ಮೇಲೆಯೇ ತಿರುಗುವಂತೆ ಮಾಸ್ತಿಯವರು ಕಥೆಯನ್ನು ಹೂಡಿದ್ದಾರೆ. ಈ ಅಪವಾದ ಬಂದದ್ದೆಲ್ಲಿಂದ? ಅದಕ್ಕೆ ವಿಸ್ತಾರವಾದ ಬರೆಹರೂಪ ಕೊಟ್ಟವನು ವಿಲ್ಕ್ಸ್. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಮೈಸೂರಿನಲ್ಲಿ ಬ್ರಿಟಿಷರ ಅಧಿಕಾರಿಯಾಗಿದ್ದುಕೊಂಡು ದಕ್ಷಿಣ ಭಾರತದ ಚರಿತ್ರೆಯನ್ನು ಸಂಗ್ರಹಿಸಿ, ೧೮೧೦ರಿಂದ ೧೮೧೭ರವರೆಗೆ ಮೂರು ಸಂಪುಟಗಳಲ್ಲಿ ಅಚ್ಚುಮಾಡಿಸಿದವನು ಅವನು. ಬಿದನೂರು ಬಿದ್ದು ಅಷ್ಟರಲ್ಲಿ ಅರ್ಧ ಶತಮಾನವೇ ಕಳೆಯುತ್ತ ಬಂದಿತ್ತು. ರಾಣಿಯ ನಡತೆಯನ್ನು ತರುಣನಾಯಕ ಆಕ್ಷೇಪಿಸಿದನೆಂದೂ, ರಾಣಿ ಒಬ್ಬ ಜಟ್ಟಿಯನ್ನು ಗೊತ್ತುಮಾಡಿ ಮೈ ತಿಕ್ಕುವ ನೆವದಲ್ಲಿ ಅವನ ಕತ್ತನ್ನು ಮುರಿಸಿದಳೆಂದೂ ಅವನ ಬರೆಹ. ಅದೇ ವಿಲ್ಕ್ಸ್ ಮುಂದೆ, ಚಿತ್ರದುರ್ಗದಲ್ಲಿ ಕಾಣಿಸಿಕೊಂಡ ಯುವಕನ ಮಾತನ್ನೂ ದಾಖಲಿಸುತ್ತಾನೆ: ಜಟ್ಟಿ ಕರುಣೆಯಿಂದ ಕೊಲ್ಲದೆ ತನ್ನನ್ನು ಮನೆಯಲ್ಲಿ ಅಡಗಿಸಿಟ್ಟಿದ್ದನೆಂಬುದು ಆ ಯುವಕನ ಹೇಳಿಕೆ. ವಿಲ್ಕ್ಸನಿಗೆ ಅವನು ವೇಷಧಾರಿ.

ಇಲ್ಲಿ ವಿವೇಕಿಯಾದ ಓದುಗ ಒಂದು ಕ್ಷಣ ನಿಲ್ಲಬೇಕು. ಚೆನ್ನಬಸಪ್ಪ ಸತ್ತಿದ್ದರೆ ಹೈದರನ ದಂಡಯಾತ್ರೆಯ ನೆವ ಶುದ್ಧ ಸುಳ್ಳು. ಸತ್ತವನ ಹೆಸರಿನಲ್ಲಿ ಬದುಕಿದವನೊಬ್ಬನನ್ನು ಮೆರೆಸಿ ರಾಜ್ಯವನ್ನು ಕಿತ್ತುಕೊಂಡದ್ದಾಯಿತು. ಚೆನ್ನಬಸಪ್ಪ ಬದುಕಿದ್ದರೆ ರಾಣಿಯ ಮೇಲೆ ಹೊರಿಸಿದ ಕೊಲೆ ನಡೆಯಲೇ ಇಲ್ಲ. ಈ ಎರಡು ಮಾತುಗಳಲ್ಲಿ ಒಂದು ಉಳಿಯಬೇಕಾದರೆ ಇನ್ನೊಂದು ಅಳಿಯಬೇಕು. ಲೋಕದ ಬಾಯಿಯಾದರೋ ಎರಡನ್ನೂ ಉಳಿಸಿಕೊಂಡಿತು. ಕೊಲೆಗಾತಿ ಎಂಬ ಹೆಸರೂ ರಾಣಿಗೆ, ನಿಜವಾದ ನಾಯಕನಿಗೆ ಪಟ್ಟ ತಪ್ಪಿಸಿದವಳೆಂಬ ಹೆಸರೂ ರಾಣಿಗೆ. ಬದುಕಿರುವನೆಂಬ ಸುದ್ದಿ ದಂಡು ಹೊರಡುವ ಮುನ್ನ ಬೇಕಾಗಿತ್ತು. ಕೊಂದಳೆಂಬ ಸುದ್ದಿ ದಂಡು ಗೆದ್ದ ಮೇಲೆ ಬೇಕಾಯಿತು. ಗೆದ್ದ ಮೇಲೆ ಹೈದರ ಆ ಯುವಕನನ್ನು ಬಿದನೂರಿನ ಗದ್ದುಗೆಯ ಮೇಲೆ ಕೂರಿಸಲಿಲ್ಲವೆಂಬುದನ್ನೂ, ರಾಣಿಯ ಜೊತೆಯಲ್ಲಿಯೇ ಅವನೂ ಮಧುಗಿರಿಯ ಕೋಟೆಗೆ ಸೆರೆಯಾಳಾಗಿ ಹೋದನೆಂಬುದನ್ನೂ ನೆನೆದರೆ ಈ ರಾಜಕಾರಣದ ಸ್ವರೂಪ ಇನ್ನಷ್ಟು ತಿಳಿಯಾಗುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದಕ್ಕೆ ಸಮೀಪದ ನಿದರ್ಶನವೊಂದು ಇಂಗ್ಲೆಂಡಿನಿಂದ ದೊರೆಯುತ್ತದೆ. ೧೪೮೩ರಲ್ಲಿ ಲಂಡನ್ನಿನ ಕೋಟೆಯಲ್ಲಿ ಇಬ್ಬರು ರಾಜಕುಮಾರರು ಕಣ್ಮರೆಯಾದರು. ಚಿಕ್ಕಪ್ಪನಾದ ಮೂರನೆಯ ರಿಚರ್ಡನೇ ಅವರನ್ನು ಕೊಲ್ಲಿಸಿದನೆಂದು ಅವನನ್ನು ಸೋಲಿಸಿ ಬಂದ ಟ್ಯೂಡರ್ ಮನೆತನದ ಕಾಲದಲ್ಲಿ ಬರೆಹಗಳು ಹುಟ್ಟಿದವು. ಕೆಲವು ವರ್ಷಗಳ ಮೇಲೆ ಪರ್ಕಿನ್ ವಾರ್ಬೆಕ್ ಎಂಬವನು ತಾನೇ ಆ ರಾಜಕುಮಾರರಲ್ಲೊಬ್ಬನೆಂದು ಹೇಳಿಕೊಂಡು ಸೈನ್ಯ ಕಟ್ಟಿ ಬಂದು, ೧೪೯೯ರಲ್ಲಿ ಗಲ್ಲಿಗೇರಿದನು. ಷೇಕ್ಸ್‌ಪಿಯರ್ ಗೆದ್ದವರ ಕಥೆಯನ್ನೇ ಹಿಡಿದು ನಾಟಕ ಬರೆದನು. ನಾಟಕ ಅದರಿಂದ ಕೆಡಲಿಲ್ಲ, ರಿಚರ್ಡನ ಹೆಸರು ಕೆಟ್ಟಿತು. ಆದರೆ ಷೇಕ್ಸ್‌ಪಿಯರ್ ತನ್ನ ರಿಚರ್ಡನಿಗೆ ಮಾತು ಕೊಟ್ಟನು. ರಂಗದ ಮೇಲೆ ಅವನ ಬುದ್ಧಿಗೆ ಸಾಟಿಯಾದವರಿಲ್ಲ. ವೀರಮ್ಮಾಜಿಗೆ ಅಂಥ ಬುದ್ಧಿಯ ಅವಕಾಶ ದೊರೆಯಲಿಲ್ಲವೆಂಬುದೇ ಮಾಸ್ತಿಯವರ ಕೃತಿಯ ಕೊರತೆ. ಆರು ವರ್ಷ ಒಂದು ರಾಜ್ಯವನ್ನು ಹಿಡಿದು ನಿಲ್ಲಿಸಿದ ಹೆಂಗಸು ಮೋಹದಿಂದ ಮಂಕಾದವಳು ಮಾತ್ರವಾಗಿದ್ದರೆ ಮರಾಠರ ಕಪ್ಪದ ಒತ್ತಾಯವನ್ನೂ ಕರಾವಳಿಯ ಪೋರ್ಚುಗೀಸರ ವ್ಯವಹಾರವನ್ನೂ ಅಷ್ಟು ಕಾಲ ಹೇಗೆ ನಿಭಾಯಿಸಿದಳು? ಕಾದಂಬರಿಯ ಹೆಸರೇ ಗಮನಾರ್ಹ: ಪಟ್ಟದಲ್ಲಿ ಮೂರು ವರ್ಷವಿದ್ದ ತರುಣನ ಹೆಸರನ್ನು ಅದು ಹೊತ್ತಿದೆ. ಓದುಗನ ಕರುಣೆಯೆಲ್ಲ ಅತ್ತ ಹರಿಯಲೆಂದು ಮೊದಲೇ ಕಾಲುವೆ ತೋಡಿದಂತಾಯಿತು.

ವಿಲ್ಕ್ಸನಿಗೆ ಉತ್ತರವಾಗಿ ಲಿಂಗಣ್ಣಕವಿಯ 'ಕೆಳದಿನೃಪವಿಜಯ'ವನ್ನು ಮುಂದಿಡುವ ರೂಢಿ ಭಕ್ತಜನರಲ್ಲಿದೆ. (ಈ ಕವಿಯನ್ನು ಮೇಲೆ ಹೇಳಿದ ಮಂತ್ರಿಯೊಂದಿಗೆ ಹೆಸರಿನ ಸಾಮ್ಯದಿಂದ ಬೆರೆಸಬಾರದು.) ಹನ್ನೆರಡು ಆಶ್ವಾಸಗಳ ಆ ಚಂಪೂಕೃತಿ ಕೆಳದಿಯ ಚರಿತ್ರೆಗೆ ಕನ್ನಡದಲ್ಲಿರುವ ಮುಖ್ಯ ಆಕರ, ಇಸವಿಗಳನ್ನೂ ದಾನಧರ್ಮಗಳನ್ನೂ ಕೋಟೆಕೊತ್ತಲಗಳನ್ನೂ ಅಷ್ಟು ಶ್ರದ್ಧೆಯಿಂದ ಗುರುತಿಸಿದ ಕಾವ್ಯಗಳು ನಮ್ಮಲ್ಲಿ ವಿರಳ. ಆದರೂ ಅದು ಅರಸುಮನೆತನದ ಕೀರ್ತಿಯನ್ನು ಹಾಡಲು ಹೊರಟ ಕೃತಿ. ವಂಶಸ್ತುತಿಗೆ ಕುಳಿತ ಕವಿಯಿಂದ ಅಂತಃಪುರದ ಒಳಗುಟ್ಟನ್ನು ನಿರೀಕ್ಷಿಸಲಾಗದು. ಅವನ ಮೌನವನ್ನು ನಿರ್ದೋಷಕ್ಕೆ ಪ್ರಮಾಣವೆನ್ನುವುದು, ವಿಲ್ಕ್ಸನ ಗಟ್ಟಿದನಿಯನ್ನು ದೋಷಕ್ಕೆ ಪ್ರಮಾಣವೆನ್ನುವಷ್ಟೇ ಅವಸರದ ತೀರ್ಮಾನ. ರಾಣಿ ಸಾಧ್ವಿಯಾಗಿದ್ದಳೆಂದು ಸಾಧಿಸಹೊರಟರೆ ವಾದ ಮತ್ತೆ ಅಂತಃಪುರಕ್ಕೇ ಹಿಂದಿರುಗುತ್ತದೆ. ಗೆದ್ದವರು ಹಾಕಿದ ಪ್ರಶ್ನೆಯನ್ನು ಒಪ್ಪಿಕೊಂಡು ಉತ್ತರ ಹುಡುಕಿದಂತಾಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ ಇದೆ.

ಆ ಪ್ರಶ್ನೆ ದತ್ತಕದ್ದು. ಕೆಳದಿಯ ಗದ್ದುಗೆಗೆ ಮಕ್ಕಳಿಲ್ಲದೆ ವಿಧವೆಯೊಬ್ಬಳು ರಾಜ್ಯವಾಳಿದ್ದು ಇದೇ ಮೊದಲಲ್ಲ. ೧೬೭೧ರಲ್ಲಿ ಪತಿ ಸೋಮಶೇಖರನಾಯಕ ಕೊಲೆಯಾದ ಮೇಲೆ ಚೆನ್ನಮ್ಮಾಜಿ ಪಟ್ಟವೇರಿದಳು. ಅಲ್ಲಿಯೂ ಐತಿಹ್ಯ ಒಂದು ಮೋಹದ ಕಥೆಯನ್ನು ಹೇಳುತ್ತದೆ. ನರ್ತಕಿಯೊಬ್ಬಳಿಗೆ ಮರುಳಾದವನು ಅಲ್ಲಿ ಅರಸ. ಚೆನ್ನಮ್ಮಾಜಿ ಬಸವಪ್ಪನನ್ನು ದತ್ತು ತೆಗೆದುಕೊಂಡು ಇಪ್ಪತ್ತೈದು ವರ್ಷ ಆಳಿದಳು. ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ೧೬೮೯ರಲ್ಲಿ ಆಶ್ರಯವಿತ್ತಳು. ಮೊಗಲರ ಮುನಿಸನ್ನು ಎದುರಿಸಿಯೂ ರಾಜ್ಯವನ್ನು ಉಳಿಸಿದಳು. ದತ್ತುಮಗನಾದ ಬಸವಪ್ಪನಾಯಕನು ೧೭೦೯ರಲ್ಲಿ ಒಂಬತ್ತು ಕಲ್ಲೋಲಗಳ 'ಶಿವತತ್ತ್ವರತ್ನಾಕರ'ವನ್ನು ಸಂಸ್ಕೃತದಲ್ಲಿ ರಚಿಸಿದ ವಿದ್ವಾಂಸ. ಇಬ್ಬರು ವಿಧವೆಯರು, ಇಬ್ಬರೂ ದತ್ತಕವನ್ನು ನೆಚ್ಚಿದವರು. ಒಬ್ಬಳು ಇಂದಿಗೂ ಶಾಲೆಯ ಪಾಠದಲ್ಲಿ ವೀರರಾಣಿ, ಇನ್ನೊಬ್ಬಳು ಕಾದಂಬರಿಯಲ್ಲಿ ರಾಜ್ಯ ಕೆಡಿಸಿದವಳು. ಈ ಅಂತರ ಇಬ್ಬರ ಶೀಲದ ಅಂತರವೊಂದೇ ಆಗಿದ್ದೀತೆ? ಮೊದಲ ದತ್ತಕಕ್ಕೆ ಎದುರಾಳಿಗಳಿದ್ದರೂ ಹೊರಗಿನ ಶತ್ರುವಿನ ಕೈಗೆ ಅವರು ಸಿಕ್ಕಲಿಲ್ಲ. ಎರಡನೆಯ ಸಲ ಒಬ್ಬ ದತ್ತಕನ ಮೇಲೆ ಇನ್ನೊಬ್ಬ ದತ್ತಕ ಬಂದು, ಯಾರು ನಿಜವಾದ ನಾಯಕನೆಂಬ ಸಂಶಯವನ್ನು ಹೊರಗಿನವನೊಬ್ಬ ಆಯುಧವಾಗಿ ಬಳಸಿಕೊಂಡನು. ಮಗನಿಲ್ಲದ ಸಿಂಹಾಸನದ ಈ ತೂಗುಯ್ಯಾಲೆ ಯಾವ ಕಾದಂಬರಿಕಾರನ ಕಲ್ಪನೆಯನ್ನಾದರೂ ಕೆರಳಿಸುವಂಥದು. ಮಾಸ್ತಿಯವರ ಒತ್ತು ಮನೆಯೊಳಗಿನ ಮನಸ್ತಾಪದ ಮೇಲೆ ಬಿದ್ದುದರಿಂದ ಅದು ಹಿಂದೆ ಸರಿಯಿತು.

ಇನ್ನೂ ಹಿಂದೆ ಸರಿದದ್ದು ನೆಲ. ಬಿದನೂರು ಏಕೆ ಶತ್ರುವಿನ ಕಣ್ಣಿಗೆ ಬಿತ್ತೆಂಬುದನ್ನು ಘಟ್ಟವನ್ನು ನೋಡಿದವರು ಸುಲಭವಾಗಿ ತಿಳಿಯಬಲ್ಲರು. ಬಿಜಾಪುರದ ದಾಳಿಗೆ ತುತ್ತಾದ ಇಕ್ಕೇರಿಯನ್ನು ಬಿಟ್ಟು ೧೬೩೯ರ ಹೊತ್ತಿಗೆ ರಾಜಧಾನಿ ಬಿದನೂರಿಗೆ ಬಂದದ್ದು ಕಾಡಿನ ರಕ್ಷಣೆಗಾಗಿ, ಹಾಗೆಯೇ ಕರಾವಳಿಗಿಳಿಯುವ ಘಟ್ಟದ ದಾರಿಯ ಒಡೆತನಕ್ಕಾಗಿ. ಬಸರೂರು, ಮಂಗಳೂರು, ಹೊನ್ನಾವರಗಳ ಅಕ್ಕಿ, ಮೆಣಸು ಬಿದನೂರಿನ ಬೊಕ್ಕಸವನ್ನು ತುಂಬಿಸಿದವು. ೧೬೨೩ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಇಕ್ಕೇರಿಗೆ ಬಂದು ವೆಂಕಟಪ್ಪನಾಯಕನ ಆಸ್ಥಾನವನ್ನು ಕಂಡದ್ದು ಪೋರ್ಚುಗೀಸ್ ರಾಯಭಾರದ ಜೊತೆಯಲ್ಲಿ. ಆ ಮಾತುಕತೆಯ ಹಿಂದೆಯೂ ಮೆಣಸಿನ ವ್ಯಾಪಾರವಿತ್ತು. ಶಿವಪ್ಪನಾಯಕನು ಪ್ರತಿ ಗ್ರಾಮದ ಭೂಮಿಯನ್ನು ಐದು ದರ್ಜೆಗಳಾಗಿ ವಿಂಗಡಿಸಿ, ಹನ್ನೆರಡು ವರ್ಷ ಬಿತ್ತನೆ ಬೆಳೆಗಳ ಲೆಕ್ಕವಿಡಿಸಿ, ಹುಟ್ಟುವಳಿಯ ಮೂರರಲ್ಲೊಂದು ಪಾಲನ್ನು ಸರ್ಕಾರಕ್ಕೆ ಗೊತ್ತುಮಾಡಿದ 'ಶಿಸ್ತು' ಅಡಿಕೆ ತೋಟದ ಮಲೆನಾಡಿನಲ್ಲಿ ಗಾದೆಯ ಮಾತಾಗಿ ಉಳಿಯಿತು. ಅಂಥ ಲೆಕ್ಕದಿಂದ ಕೂಡಿದ ಬೊಕ್ಕಸ ಅದು. ಬಿದನೂರಿನ ಸಂಪತ್ತೇ ತನ್ನ ಏಳಿಗೆಯ ಬುನಾದಿಯೆಂದು ಹೈದರನೇ ಹೇಳಿಕೊಳ್ಳುತ್ತಿದ್ದನೆಂದು ವಿಲ್ಕ್ಸ್ ಬರೆದಿದ್ದಾನೆ.

ಕಾಲವನ್ನೂ ನೋಡಬೇಕು. ೧೭೬೧ರ ಜನವರಿಯಲ್ಲಿ ಪಾಣಿಪತ್ತಿನಲ್ಲಿ ಮರಾಠರ ಬೆನ್ನೆಲುಬು ಮುರಿಯಿತು. ದಕ್ಷಿಣದಲ್ಲಿ ಅವರ ಕೈ ಸಡಿಲವಾಯಿತು. ಅದೇ ವರ್ಷ ಹೈದರ ಮೈಸೂರಿನ ಅಧಿಕಾರವನ್ನು ಪೂರ್ತಿಯಾಗಿ ವಶಪಡಿಸಿಕೊಂಡು ಸಿರಾ ಸೀಮೆಯತ್ತ ಕೈಚಾಚಿದನು. ಬಿದನೂರು ಅವನ ದಾರಿಯಲ್ಲಿ ಮುಂದಿನ ಮೆಟ್ಟಿಲು, ಅದರಾಚೆ ಸಮುದ್ರ. ಹದಿನಾರು ವರ್ಷಗಳ ಮೇಲೆ, ೧೭೭೯ರಲ್ಲಿ, ಚಿತ್ರದುರ್ಗವೂ ಅವನ ಕೈಗೆ ಬಿದ್ದಿತು. ಅಲ್ಲಿ ಯಾವ ರಾಣಿಯ ಶೀಲದ ಪ್ರಶ್ನೆಯೂ ಇರಲಿಲ್ಲ. ತ.ರಾ.ಸು. ಅವರು 'ದುರ್ಗಾಸ್ತಮಾನ'ದಲ್ಲಿ ಆ ಪತನವನ್ನು ಹೇಳುವಾಗ ಭಾವಾವೇಶ ಅತಿಯಾಯಿತೆನಿಸಬಹುದು. ಆದರೂ ಕೋಟೆ, ಕಾವಲು, ಪಾಳೆಯಪಟ್ಟುಗಳ ನಡುವಣ ವೈಷಮ್ಯ ಎಲ್ಲವೂ ಅಲ್ಲಿ ಪತನಕ್ಕೆ ಪಾಲುದಾರರು. ಮಾಸ್ತಿಯವರ ಗದ್ಯದ ಸಂಯಮ ತ.ರಾ.ಸು. ಅವರಲ್ಲಿಲ್ಲ, ತ.ರಾ.ಸು. ಅವರ ನೆಲದ ಒಲವು ಮಾಸ್ತಿಯವರಲ್ಲಿಲ್ಲ. ಬಿದನೂರಿನ ಕಥೆಗೆ ಇವೆರಡೂ ಬೇಕಾಗಿದ್ದವು.

ಮಠಗಳ ಮಾತೂ ಇಲ್ಲಿ ಬರಬೇಕು. ಕೆಳದಿಯ ಅರಸರು ಊರೂರಿಗೆ ಮಠ ಕಟ್ಟಿಸಿ, ಜಂಗಮ ದಾಸೋಹಕ್ಕೆ ಭೂಮಿ ಬಿಟ್ಟವರು. ಶೃಂಗೇರಿಗೂ ಕರಾವಳಿಯ ದೇವಾಲಯಗಳಿಗೂ ಅವರ ಕೊಡುಗೆ ಸಂದಿದೆ. ರಾಜ್ಯ ಕುಸಿಯುವಾಗ ಗುರುಪೀಠಗಳು ಏನು ಹೇಳಿದವು, ಏನು ಹೇಳದೆ ಉಳಿದವು? ದಾರಿ ತಪ್ಪಿದ ಅರಮನೆಗೆ ಬುದ್ಧಿ ಹೇಳುವ ಧೈರ್ಯ ಯಾರಿಗಿತ್ತು? ಕಾದಂಬರಿ ನಿಜವಾಗಿ ಕಠಿಣವಾಗಬೇಕಿದ್ದರೆ ಈ ಕಡೆಗೂ ತಿರುಗಬಹುದಾಗಿತ್ತು. ರಾಣಿಯೊಬ್ಬಳ ತಲೆಗೆ ಎಲ್ಲವನ್ನೂ ಕಟ್ಟಿದ್ದರಿಂದ ಮಂತ್ರಿಗಳೂ ಮಠಗಳೂ ಸೇನಾಪತಿಗಳೂ ಹಗುರವಾಗಿ ಪಾರಾದರು. ಕಾದಂಬರಿಯಿಂದ ನೊಂದ ಸಮಾಜ ಈ ಅಂಶವನ್ನು ಗಮನಿಸದಿರುವುದು ವಿಚಿತ್ರ.

ಮಾಸ್ತಿಯವರಿಗೆ ವೀರಶೈವ ಅರಸುಮನೆಗಳ ಮೇಲೆ ಪೂರ್ವಗ್ರಹವಿತ್ತೆಂಬ ಮಾತು ಕೆಲವೊಮ್ಮೆ ಕೇಳಿಬರುವುದುಂಟು. ಎರಡನೆಯ ಕಾದಂಬರಿಯೂ ಅಂಥದೇ ಮನೆತನದ ಪತನವಲ್ಲವೆ ಎಂಬುದು ಆ ಮಾತಿಗೆ ಆಧಾರ. ೧೮೩೪ರಲ್ಲಿ ಆಂಗ್ಲರು ಪದಚ್ಯುತಗೊಳಿಸಿದ ಕೊಡಗಿನ ಹಾಲೇರಿ ಅರಸರು ಇಕ್ಕೇರಿಯ ಮನೆತನದ ಕವಲೆಂದೇ ಪರಂಪರೆ ಹೇಳುತ್ತದೆ. ಆದರೆ 'ಚಿಕವೀರ ರಾಜೇಂದ್ರ'ವನ್ನು ಓದಿದವರಿಗೆ ಈ ಆರೋಪ ಹಿಡಿಸದು. ಅಲ್ಲಿ ಕೆಟ್ಟವನು ಅರಸ. ಅವನ ಪಕ್ಕದಲ್ಲಿ ರಾಣಿ ಗೌರಮ್ಮ ತಾಳ್ಮೆಯ ಮೂರ್ತಿಯಾಗಿ ನಿಂತಿದ್ದಾಳೆ. ಮಂತ್ರಿ ಬೋಪಣ್ಣನ ಧರ್ಮಸಂಕಟ, ಕುಂಟ ಬಸವನ ವಕ್ರನಿಷ್ಠೆ, ಆಂಗ್ಲರ ಸಭ್ಯತೆಯ ಹಿಂದಿನ ಲೋಭ, ಇವೆಲ್ಲವೂ ಸೇರಿ ಒಂದು ನಾಡಿನ ಪತನ ಹತ್ತು ಕಡೆಯಿಂದ ಬೆಳಗುತ್ತದೆ. ೧೯೮೩ರ ಜ್ಞಾನಪೀಠ ಪ್ರಶಸ್ತಿ ಆ ಕೃತಿಯ ಹೆಸರಿನಲ್ಲಿ ಬಂದದ್ದು ಉಚಿತವೇ. ಮೊದಲ ಕಾದಂಬರಿಯಲ್ಲಿ ಒಂದೇ ದೀಪವಿತ್ತು, ಅದನ್ನು ಅಂತಃಪುರದಲ್ಲಿಟ್ಟಿದ್ದರು. ಎರಡನೆಯದನ್ನು ಬರೆಯುವ ವೇಳೆಗೆ ಲೇಖಕರೇ ಬೆಳೆದಿದ್ದರು. 'ಚೆನ್ನಬಸವನಾಯಕ'ದ ಮೇಲಿನ ಅತ್ಯುತ್ತಮ ವಿಮರ್ಶೆಯನ್ನು ಮಾಸ್ತಿಯವರೇ 'ಚಿಕವೀರ ರಾಜೇಂದ್ರ'ದ ರೂಪದಲ್ಲಿ ಬರೆದರೆಂದರೂ ಸಲ್ಲುತ್ತದೆ.

ವೀರಮ್ಮಾಜಿಯ ಕಥೆ ಬಿದನೂರಿನಲ್ಲಿ ಮುಗಿಯುವುದಿಲ್ಲ. ಅರಮನೆಗೆ ಬೆಂಕಿಯಿಡಿಸಿ ಹೊರಟ ಆ ರಾತ್ರಿ ಅವಳು ಏನನ್ನು ಸುಡಬಯಸಿದಳು, ಭಂಡಾರವನ್ನೋ, ಶತ್ರುವಿಗೆ ಸಿಕ್ಕಬಾರದ ಕಡತಗಳನ್ನೋ? ಹೈದರ ಬೆಂಕಿಯನ್ನಾರಿಸಿ ಭಂಡಾರವನ್ನು ಉಳಿಸಿಕೊಂಡನು. ಮುಂದೆ ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಯಲ್ಲಿ ರಾಣಿ, ದತ್ತುಮಗ ಸೋಮಶೇಖರ, ಚೆನ್ನಬಸಪ್ಪನೆಂದು ಹೇಳಿಕೊಂಡು ಬಂದ ಆ ಯುವಕ, ಮೂವರೂ ಒಂದೇ ಗೋಡೆಯೊಳಗೆ ಸೆರೆಯಿದ್ದರು. ಅವನು ನಿಜವಾಗಿಯೂ ಯಾರೆಂಬುದನ್ನು ಲೋಕದಲ್ಲಿ ಖಚಿತವಾಗಿ ಬಲ್ಲವಳು ಅವಳೊಬ್ಬಳೇ. ೧೭೬೭ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಮಧುಗಿರಿಯನ್ನು ಹಿಡಿದು ಸೆರೆಯಾಳುಗಳನ್ನು ಬಿಡಿಸಿತು. ಪುಣೆಯ ದಾರಿಯಲ್ಲಿ, ನರಗುಂದದಲ್ಲಿ, ವೀರಮ್ಮಾಜಿ ಲಿಂಗೈಕ್ಯಳಾದಳು.